ಬಿರುಗಾಳಿಯ ಭಯಕ್ಕೆ ಆರೋಗ್ಯವಂತ ಮರ ಬಲಿಯಾಗಬೇಕೇ?

ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಸಮೀಪಿಸಿದೊಡನೆ ಬಸವನಗುಡಿ, ಮಲ್ಲೇಶ್ವರ ಹಾಗೂ ಚಾಮರಾಜಪೇಟೆಯ ವರ್ತಕರಲ್ಲಿ ಹಳೆಯ ಬೇಡಿಕೆಯೊಂದು ಮತ್ತೆ ತಲೆಯೆತ್ತುತ್ತದೆ. ಅಂಗಡಿಯ ಮುಂದಿನ ಮರ ಗಾಳಿಗೆ ಉರುಳುವ ಮುನ್ನವೇ ಅದನ್ನು ಕಡಿಸಿಬಿಡಬೇಕೆಂಬುದೇ ಆ ಬೇಡಿಕೆ.

ಈ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. 2024ರ ಜೂನ್ 2ರಂದು ಒಂದೇ ದಿನ ನಗರದಲ್ಲಿ 111.1 ಮಿ.ಮೀ. ಮಳೆ ಸುರಿದು, ಜೂನ್ ತಿಂಗಳ ಮಟ್ಟಿಗೆ 1891ರ ದಾಖಲೆಯನ್ನು ಮುರಿಯಿತು. ನೂರಾರು ಮರಗಳು ನೆಲಕ್ಕುರುಳಿದವು. 2025ರ ಜೂನ್‌ನಲ್ಲಿ ದಕ್ಷಿಣ ಬೆಂಗಳೂರಿನಲ್ಲಿ ಕೊಂಬೆ ಬಿದ್ದು ಗಾಯಗೊಂಡ ಯುವಕನೊಬ್ಬ ಆಸ್ಪತ್ರೆಯಲ್ಲಿ ಅಸುನೀಗಿದ. ಪ್ರಾಣಹಾನಿಯ ಎದುರಿನಲ್ಲಿ ನೆರಳಿನ ಮಹತ್ವವನ್ನು ಹೇಳಹೊರಡುವುದು ಸುಲಭವಲ್ಲ.

ಆದರೆ ಮರ ಉರುಳಲು ಗಾಳಿಯೊಂದೇ ಕಾರಣವಲ್ಲ. ಚರಂಡಿ, ಕೇಬಲ್ ಮತ್ತು ಕಾಂಕ್ರೀಟ್ ರಸ್ತೆಯ ಕಾಮಗಾರಿಗಳಲ್ಲಿ ಒಂದು ಬದಿಯ ಬೇರುಗಳು ಕತ್ತರಿಸಲ್ಪಡುತ್ತವೆ. ಬುಡದವರೆಗೂ ಕಾಂಕ್ರೀಟ್ ತುಂಬುವುದರಿಂದ ಉಳಿದ ಬೇರುಗಳಿಗೆ ನೀರು, ಗಾಳಿ ದೊರೆಯುವುದಿಲ್ಲ. ವಿದ್ಯುತ್ ತಂತಿಗಾಗಿ, ಎಷ್ಟೋ ವೇಳೆ ಅಂಗಡಿಯ ನಾಮಫಲಕ ಕಾಣಲೆಂದು, ಒಂದೇ ಪಾರ್ಶ್ವದ ಕೊಂಬೆಗಳನ್ನು ಸವರಿದಾಗ ಮರದ ಸಮತೋಲ ತಪ್ಪುತ್ತದೆ. ಹೀಗೆ ದುರ್ಬಲಗೊಂಡ ಮರ ಮಳೆಯಿಂದ ಸಡಿಲವಾದ ಮಣ್ಣಿನಲ್ಲಿ ನಿಲ್ಲಲಾರದು. ಈ ಹಾನಿಯಲ್ಲಿ ವರ್ತಕ ಸಮುದಾಯದ ಪಾಲೂ ಇದೆಯೆಂಬುದನ್ನು ಮರೆಯಲಾಗದು.

ಆರೋಗ್ಯವಂತ ಮರವನ್ನು ಕಡಿಯುವುದರಿಂದ ಅಪಾಯ ನಿವಾರಣೆಯಾಗುತ್ತದೆಂಬ ಖಾತರಿಯೂ ಇಲ್ಲ. ಸಾಲಿನ ನಡುವಿನ ಮರವೊಂದು ಹೋದರೆ ಪಕ್ಕದ ಮರಗಳು ಅದುವರೆಗೆ ಎದುರಿಸದಿದ್ದ ಗಾಳಿಯ ರಭಸಕ್ಕೆ ಒಡ್ಡಿಕೊಳ್ಳುತ್ತವೆ. ನಷ್ಟವಂತೂ ನಿಶ್ಚಿತ. ಹರಿಣಿ ನಾಗೇಂದ್ರ ಮತ್ತು ಸಹಸಂಶೋಧಕರು 2013ರಲ್ಲಿ ಪ್ರಕಟಿಸಿದ ಬೆಂಗಳೂರಿನ ಅಧ್ಯಯನದಂತೆ, ಮರಗಳಿರುವ ರಸ್ತೆಗಳಲ್ಲಿ ಗಾಳಿಯ ಉಷ್ಣಾಂಶ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ, ಡಾಂಬರಿನ ಮೇಲ್ಮೈಯ ಉಷ್ಣಾಂಶ 27.5 ಡಿಗ್ರಿಯವರೆಗೆ ಕಡಿಮೆಯಿತ್ತು. ನಡೆದುಬರುವ ಗಿರಾಕಿಗಳನ್ನೇ ನಂಬಿರುವ ಗಾಂಧಿ ಬಜಾರಿಗೂ ಸಂಪಿಗೆ ರಸ್ತೆಗೂ ಇದು ವ್ಯಾಪಾರದ ಪ್ರಶ್ನೆಯೇ ಆಗಿದೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಅಗತ್ಯ. ಒಣಗಿದ, ರೋಗ ತಗುಲಿದ ಅಥವಾ ಜೀವಕ್ಕೂ ಆಸ್ತಿಗೂ ಅಪಾಯ ತರುವ ಮರಗಳಿಗೆ ಅದರಲ್ಲಿ ಅವಕಾಶವಿದೆ. ಆದ್ದರಿಂದ ತೀರ್ಮಾನ ಪರೀಕ್ಷೆಯನ್ನು ಅವಲಂಬಿಸಬೇಕೇ ಹೊರತು ಭಯವನ್ನಲ್ಲ. ಬುಡದಲ್ಲಿ ಅಣಬೆ, ಕಾಂಡದಲ್ಲಿ ಪೊಟರೆ, ಬೇರಿನ ಸುತ್ತ ಬಿರಿದ ಮಣ್ಣು, ಇತ್ತೀಚೆಗೆ ಹೆಚ್ಚಿದ ವಾಲಿಕೆ ಇವು ತಜ್ಞರನ್ನು ಕರೆಸಬೇಕಾದ ಸೂಚನೆಗಳು. ಹಲವು ದಶಕಗಳಿಂದ ವಾಲಿಕೊಂಡೇ ಬೆಳೆದ ಮರ ಸುಭದ್ರವಾಗಿರಬಹುದು. ಹಸಿರಾಗಿ ಕಾಣುವ ಮರ ಒಳಗೆ ಟೊಳ್ಳಾಗಿರಬಹುದು.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಬದಲಿಗೆ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಬಡಾವಣೆಯ ವರ್ತಕರ ಸಂಘಗಳು ತಮ್ಮ ಪಾಲಿಕೆಯ ಅರಣ್ಯ ವಿಭಾಗದೊಡನೆ ಪ್ರತಿವರ್ಷ ಮಾರ್ಚ್ ಒಳಗೆ ಜಂಟಿ ಪರಿಶೀಲನೆ ನಡೆಸಿ, ಅಪಾಯಕಾರಿ ಮರ ಮತ್ತು ಒಣಕೊಂಬೆಗಳ ಪಟ್ಟಿಯನ್ನು ಲಿಖಿತವಾಗಿ ಸಲ್ಲಿಸುವುದು ಯುಕ್ತ. ಪಟ್ಟಿಯಲ್ಲಿರುವವನ್ನು ವಿಳಂಬವಿಲ್ಲದೆ ತೆರವುಗೊಳಿಸುವುದು ಪಾಲಿಕೆಯ ಕರ್ತವ್ಯ. ಮರದ ಸುತ್ತ 1 ಮೀಟರ್ ಅಳತೆಯಲ್ಲಿ ಕಾಂಕ್ರೀಟ್ ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2013ರಲ್ಲಿ ದೆಹಲಿಯಲ್ಲಿ ಆದೇಶಿಸಿತ್ತು. ಅದೇ ನಿಯಮವನ್ನು ಇಲ್ಲಿನ ಪ್ರತಿಯೊಂದು ಕಾಮಗಾರಿಯ ಗುತ್ತಿಗೆಯಲ್ಲಿ ಸೇರಿಸುವಂತೆಯೂ ಸಂಘಗಳು ಒತ್ತಾಯಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಯಾವುದಾದರೂ ಮರ ಬೀಳಬಹುದು. ಆ ನಷ್ಟಕ್ಕೆ ಅಂಗಡಿ ಹಾಗೂ ವಾಹನಗಳ ವಿಮೆಯಿದೆ. ಆದರೆ ಅರವತ್ತು ವರ್ಷ ಬೆಳೆದ ಮರವನ್ನು ಒಂದು ಮಧ್ಯಾಹ್ನದಲ್ಲಿ ಕಡಿದುಹಾಕಿದರೆ ಅದರ ನೆರಳು ಇಂದಿನ ವರ್ತಕರ ಜೀವಿತಕಾಲದಲ್ಲಿ ಮರಳಿ ಬಾರದು.