ಮೋಟಾರ್ ಸೈಕಲ್ಲಿನ ಬ್ಯಾಟರಿ: ಪಂದ್ಯಕ್ಕೊಂದು, ಪಯಣಕ್ಕೊಂದು

ಮೋಟಾರ್ ಸೈಕಲ್ಲಿನ ಅಂಗಗಳಲ್ಲೆಲ್ಲ ಅತಿಯಾದ ಅಲಕ್ಷ್ಯಕ್ಕೆ ಗುರಿಯಾದುದು ಬ್ಯಾಟರಿ. ಎಂಜಿನ್ನಿನ ಸದ್ದನ್ನು ಕೇಳಿ ಹಿಗ್ಗುವವರುಂಟು. ಟಯರಿನ ಅಚ್ಚು ಸವೆಯಿತೇ ಎಂದು ಬೆರಳಾಡಿಸಿ ನೋಡುವವರುಂಟು. ಆಸನದ ಕೆಳಗೆ ಕತ್ತಲೆಯಲ್ಲಿ ಕುಳಿತಿರುವ ಆ ಪುಟ್ಟ ಪೆಟ್ಟಿಗೆ ನೆನಪಿಗೆ ಬರುವುದು ಅದು ಕೈಕೊಟ್ಟ ದಿನ ಮಾತ್ರ. ಈಚಿನ ವರ್ಷಗಳಲ್ಲಿ ಅದಕ್ಕೆ ಬೇರೊಂದು ಬಗೆಯ ಗಮನವೂ ದೊರೆಯುತ್ತಿದೆ. ನೇರ ಓಟದ ಪಂದ್ಯಗಳನ್ನು, ಅಂದರೆ ಡ್ರ್ಯಾಗ್ ರೇಸುಗಳನ್ನು, ಕಂಡು ಮನಸೋತ ತರುಣರಿಗೆ ಆ ಗಾಡಿಗಳಲ್ಲಿರುವ ಹಗುರವಾದ ಬ್ಯಾಟರಿಯನ್ನೇ ತಮ್ಮ ಗಾಡಿಗೂ ಕೂಡಿಸಬೇಕೆಂಬ ಆಸೆ ಹುಟ್ಟುವುದು ಸಹಜ. ಈ ಆಸೆಯಲ್ಲಿ ಎಷ್ಟು ವಿವೇಕವಿದೆ, ಅದರಲ್ಲಿಯೂ ವಿಜಯಪುರ, ತಿಕೋಟಾ, ಬಬಲೇಶ್ವರಗಳಂತಹ ಬಿಸಿಲಿನ ನಾಡಿನಲ್ಲಿ ಅದು ಎಷ್ಟರಮಟ್ಟಿಗೆ ಸಲ್ಲುತ್ತದೆ, ಎಂಬುದನ್ನು ವಾಚಕರೊಡನೆ ವಿಚಾರ ಮಾಡಬೇಕೆಂದು ನಮ್ಮ ಉದ್ದೇಶ.

ಡ್ರ್ಯಾಗ್ ರೇಸಿನ ನಿಯಮ ಬಲು ಸರಳ. ನಿಂತ ನೆಲೆಯಿಂದ ಹೊರಟು ಕಾಲು ಮೈಲಿಯನ್ನು, ಎಂದರೆ ಸುಮಾರು 402 ಮೀಟರುಗಳನ್ನು, ನೇರವಾಗಿ ಓಡಬೇಕು. ಬಲಿಷ್ಠವಾದ ಗಾಡಿಗಳು ಹತ್ತು ಸೆಕೆಂಡು ತುಂಬುವ ಮೊದಲೇ ಗುರಿ ಮುಟ್ಟುತ್ತವೆ. ನಮ್ಮ ದೇಶದಲ್ಲಿ ಭಾರತೀಯ ಮೋಟಾರ್ ಕ್ರೀಡಾ ಕ್ಲಬ್ಬುಗಳ ಒಕ್ಕೂಟದ ಆಶ್ರಯದಲ್ಲಿ ರಾಷ್ಟ್ರೀಯ ಪಂದ್ಯಗಳು ನಡೆಯುತ್ತವೆ. ಬೆಂಗಳೂರಿನ ಹೇಮಂತ್ ಮುದ್ದಪ್ಪನವರು ಇವುಗಳಲ್ಲಿ ಹಲವು ಬಾರಿ ಪ್ರಶಸ್ತಿ ಗಳಿಸಿ ಕನ್ನಡನಾಡಿಗೆ ಕೀರ್ತಿ ತಂದಿದ್ದಾರೆ. ಸೈಕಲ್ ಪಟುಗಳಿಗೆ ಹೆಸರಾದ ವಿಜಯಪುರಕ್ಕೆ ವೇಗದ ಮೋಹ ಹೊಸದೇನೂ ಅಲ್ಲ. ಆದುದರಿಂದ ಈ ಕ್ರೀಡೆಯನ್ನು ನಾವು ಹಳಿಯುವುದಿಲ್ಲ. ಅದು ಮುಚ್ಚಿದ ಅಂಕಣದಲ್ಲಿ, ವೈದ್ಯರ ಮತ್ತು ಅಗ್ನಿಶಾಮಕರ ಎದುರಿನಲ್ಲಿ ನಡೆಯತಕ್ಕುದು, ಊರ ಹೊರಗಿನ ಹೆದ್ದಾರಿಯಲ್ಲಲ್ಲ, ಎಂದಷ್ಟೆ ಹೇಳಿ ಮುಂದುವರಿಯುತ್ತೇವೆ.

ಪಂದ್ಯದ ಗಾಡಿಯಲ್ಲಿ ಬ್ಯಾಟರಿಯ ಕೆಲಸವೇನು? ಹಲವು ಗಾಡಿಗಳಲ್ಲಿ ಭಾರವನ್ನೂ ಎಂಜಿನ್ನಿನ ಮೇಲಣ ಹೊರೆಯನ್ನೂ ತಗ್ಗಿಸಲೆಂದು ವಿದ್ಯುತ್ತನ್ನು ಉತ್ಪಾದಿಸುವ ಭಾಗವನ್ನೇ ತೆಗೆದುಹಾಕುತ್ತಾರೆ. ಆಗ ಕಿಡಿ ಹಾರಿಸುವುದಕ್ಕೆ, ಪೆಟ್ರೋಲ್ ಪಂಪನ್ನು ನಡೆಸುವುದಕ್ಕೆ, ಗೇರು ಬದಲಿಸುವ ಕವಾಟಕ್ಕೆ, ನಿಯಂತ್ರಕ ಯಂತ್ರಕ್ಕೆ ಬ್ಯಾಟರಿಯೊಂದೇ ಗತಿ. ಇವೆಲ್ಲವೂ ಕೂಡಿ 15 ಆಂಪಿಯರ್ ಪ್ರವಾಹವನ್ನು ನಾಲ್ಕು ನಿಮಿಷ ಸೆಳೆದವೆಂದು ಭಾವಿಸಿದರೆ ವೆಚ್ಚವಾಗುವುದು ಕೇವಲ 1 ಆಂಪಿಯರ್-ಗಂಟೆ. ಓಟ ಮುಗಿದೊಡನೆ ಗಾಡಿ ತಂಗುದಾಣಕ್ಕೆ ಮರಳುತ್ತದೆ. ಅಲ್ಲಿ ಚಾರ್ಜರ್ ಸಿದ್ಧವಾಗಿರುತ್ತದೆ. ಬಿಗಿಯಾದ ಎಂಜಿನ್ನನ್ನು ಹೊರಗಿನ ಇನ್ನೊಂದು ಬ್ಯಾಟರಿಯ ನೆರವಿನಿಂದ ಚಾಲೂ ಮಾಡುವುದೂ ಅಲ್ಲಿ ರೂಢಿ. ಕಿಡಿ ಇನ್ನಷ್ಟು ಬಲವಾಗಿರಲೆಂದು 12 ವೋಲ್ಟಿನ ಬದಲು 16 ವೋಲ್ಟಿನ ಬ್ಯಾಟರಿಯನ್ನು ಬಳಸುವವರೂ ಉಂಟು. ಹೀಗಿರುವಲ್ಲಿ ಅವರು ಅರಸುವ ಗುಣಗಳು ಎರಡೇ: ತೂಕ ಕಡಿಮೆಯಿರಬೇಕು, ಕ್ಷಣಮಾತ್ರದಲ್ಲಿ ದೊಡ್ಡ ಪ್ರವಾಹವನ್ನು ಕೊಡಬೇಕು.

ವಿಜಯಪುರದ ಷೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪನ್ನು ಕಾಣದವರಾರು? ಸುಮಾರು 55 ಟನ್ನು ತೂಗುವ ಆ ತೋಪು ಒಂದೇ ಗುಡುಗಿಗಾಗಿ ಎರಕಗೊಂಡದ್ದು. ಮನೆಯ ದೀಪವೂ ಉರಿಯುವ ವಸ್ತುವೇ. ಆದರೆ ಅದು ರಾತ್ರಿಯಿಡೀ ಉರಿಯಬೇಕು. ಪಂದ್ಯದ ಬ್ಯಾಟರಿ ತೋಪಿನ ಜಾತಿಯದು. ನಿತ್ಯದ ಗಾಡಿಯ ಬ್ಯಾಟರಿಯಲ್ಲಿ ತೋಪಿನ ಅಂಶವೊಂದಿಷ್ಟು, ದೀಪದ ಅಂಶ ಬಹಳಷ್ಟು ಇರಬೇಕು.

ಈ ದೀಪದ ಅಂಶವು ಈಚೆಗೆ ಹೆಚ್ಚುತ್ತಲೇ ಬಂದಿದೆ. 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳ ಮುಂದಿನ ದೀಪ ಹಗಲಿನಲ್ಲಿಯೂ ಉರಿಯುತ್ತಿರಬೇಕೆಂಬ ನಿಯಮ ಬಂದಿತು. 2020ರ ಏಪ್ರಿಲಿನಲ್ಲಿ ಹೊಗೆಯ ಪ್ರಮಾಣವನ್ನು ಬಿಗಿಗೊಳಿಸಿದ ಬಿ.ಎಸ್. 6 ನಿಯಮಗಳು ಜಾರಿಯಾದಾಗ ಹಳೆಯ ಕಾರ್ಬ್ಯುರೇಟರ್ ಬಹುಮಟ್ಟಿಗೆ ಮರೆಯಾಗಿ, ವಿದ್ಯುತ್ತಿನಿಂದ ನಡೆಯುವ ಇಂಧನ ಸಿಂಪರಣೆ ಅದರ ಸ್ಥಾನಕ್ಕೆ ಬಂದಿತು. ಅನೇಕ ಗಾಡಿಗಳಲ್ಲಿ ಕಿಕ್ ಕೂಡ ಇಲ್ಲವಾಯಿತು. ಹಿಂದೆ ಬ್ಯಾಟರಿ ಸತ್ತರೆ ಹಾರನ್ನು ಮೂಕವಾಗುತ್ತಿತ್ತು, ಅಷ್ಟೆ; ಇಂದು ಬ್ಯಾಟರಿ ಸತ್ತರೆ ಗಾಡಿಯೇ ಸತ್ತಂತೆ. ತಿಕೋಟಾದ ದ್ರಾಕ್ಷಿ ತೋಟಕ್ಕೆ ಸಂಜೆ ಹೋದ ರೈತನಿಗೂ, ನಡುರಾತ್ರಿ ರೋಗಿಯನ್ನು ಕೂಡಿಸಿಕೊಂಡು ಊರಿಗೆ ಧಾವಿಸಬೇಕಾದವನಿಗೂ ಇದು ಸಣ್ಣ ಮಾತಲ್ಲ.

ಇನ್ನು ಬ್ಯಾಟರಿಯ ಒಳಗಿನ ವಿಚಾರ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ರಚಿಸಿದ ಸೀಸ-ಆಮ್ಲದ ಸಂಚಯಕವೇ ಸುಧಾರಿಸಿದ ರೂಪದಲ್ಲಿ ಇಂದಿಗೂ ನಮ್ಮ ಗಾಡಿಗಳಲ್ಲಿದೆ. ಒಂದು ಫಲಕ ಸೀಸ, ಇನ್ನೊಂದು ಸೀಸದ ಡೈಆಕ್ಸೈಡ್, ನಡುವೆ ದುರ್ಬಲಗೊಳಿಸಿದ ಗಂಧಕಾಮ್ಲ. ವಿದ್ಯುತ್ತು ಹರಿದಂತೆ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟು ಕೂಡುತ್ತದೆ, ಆಮ್ಲವು ತೆಳುವಾಗುತ್ತದೆ. ಮರಳಿ ಚಾರ್ಜು ಮಾಡಿದರೆ ಎಲ್ಲವೂ ಮೊದಲಿನಂತಾಗುತ್ತದೆ. ಆದರೆ ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಆ ಸಲ್ಫೇಟು ಗಟ್ಟಿ ಹರಳಾಗಿ ನೆಲೆಯೂರುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಅದು ಕರಗಲೊಲ್ಲದು. ಬ್ಯಾಟರಿಗಳ ಅಕಾಲ ಮರಣಕ್ಕೆ ಇದೊಂದು ಮುಖ್ಯ ಕಾರಣ.

ಎರಡನೆಯ ಕಾರಣ ಬಿಸಿಲು. ರಾಸಾಯನಿಕ ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಇಮ್ಮಡಿಯಾಗುತ್ತದೆಂಬುದು ಒಂದು ಸ್ಥೂಲ ಸೂತ್ರ. ಫಲಕದ ಸವೆತ, ನೀರಿನ ಆವಿ, ತಾನಾಗಿಯೇ ಬರಿದಾಗುವ ಗುಣ ಇವೆಲ್ಲವೂ ಇದಕ್ಕೆ ಒಳಪಟ್ಟವು. ಆದುದರಿಂದಲೇ 25 ಡಿಗ್ರಿಯಲ್ಲಿ ನಾಲ್ಕು ವರ್ಷ ಬಾಳಬೇಕಾದ ಬ್ಯಾಟರಿ ಸದಾ 35 ಡಿಗ್ರಿಯಲ್ಲಿದ್ದರೆ ಎರಡೇ ವರ್ಷಕ್ಕೆ ಮುಪ್ಪಾಗುವುದು. ಏಪ್ರಿಲ್-ಮೇ ತಿಂಗಳುಗಳಲ್ಲಿ ವಿಜಯಪುರದ ಗಾಳಿಯ ತಾಪವೇ 40 ಡಿಗ್ರಿ ದಾಟುತ್ತದೆ; ಬಿಸಿಲಿಗೆ ನಿಲ್ಲಿಸಿದ ಗಾಡಿಯಲ್ಲಿ, ಎಂಜಿನ್ನಿನ ಬಳಿಯಿರುವ ಬ್ಯಾಟರಿಯ ತಾಪ ಇನ್ನೆಷ್ಟಿದ್ದೀತು! ಚಳಿನಾಡುಗಳಲ್ಲಿ ಬ್ಯಾಟರಿ ಚಳಿಗಾಲದ ಮುಂಜಾನೆ ಸೋಲುತ್ತದೆ. ನಮ್ಮಲ್ಲಿ ಅದನ್ನು ಕೊಲ್ಲುವುದು ಬೇಸಗೆ. ಬೇವಿನ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸುವ ಅಭ್ಯಾಸ ಎಷ್ಟೋ ಔಷಧಗಳಿಗಿಂತ ಮಿಗಿಲು.

ಹಗುರವಾದ ಬ್ಯಾಟರಿಗಳೆಂದು ಕೊಂಡಾಡಲ್ಪಡುವವು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು. ಈ ವಸ್ತುವಿನ ಗುಣವನ್ನು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್ ಎಂಬ ಮೂವರು ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಲೋಕಕ್ಕೆ ತಿಳಿಸಿತು. ಇವರಲ್ಲಿ ಗುಡ್‌ಇನಫ್ ಲಿಥಿಯಂ ಬ್ಯಾಟರಿಗಳ ಕಾರ್ಯಕ್ಕಾಗಿ 2019ರಲ್ಲಿ ನೊಬೆಲ್ ಪಾರಿತೋಷಕವನ್ನು ಇತರ ಇಬ್ಬರೊಡನೆ ಪಡೆದರು. ಇದೇ ಜಾತಿಯ ಬ್ಯಾಟರಿಯ ಬಲದಿಂದ ‘ಕಿಲ್ಲಾಸೈಕಲ್’ ಎಂಬ ವಿದ್ಯುತ್ ಮೋಟಾರ್ ಸೈಕಲ್ 2007ರಲ್ಲಿ ಕಾಲು ಮೈಲಿಯನ್ನು 8 ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಓಡಿತು. ಸೀಸದ ಬ್ಯಾಟರಿಯ ತೂಕದ ಮೂರನೆಯ ಒಂದು ಪಾಲಿನಲ್ಲಿಯೇ ಅಷ್ಟೇ ಬಲದ ಪ್ರವಾಹವನ್ನು ಇವು ಕೊಡಬಲ್ಲವು. ಆಮ್ಲ ಸೋರುವ ಭಯವಿಲ್ಲ. ಸುಮ್ಮನಿದ್ದಾಗ ಬೇಗ ಬರಿದಾಗುವುದಿಲ್ಲ. ಗುಣವಿದ್ದುದನ್ನು ಗುಣವೆಂದೇ ಹೇಳಬೇಕು.

ಆದರೆ ಕೊಳ್ಳುವವರು ಅರಿತಿರಬೇಕಾದ ಮೂರು ಮಾತುಗಳಿವೆ. ಮೊದಲನೆಯದು, ಹಲವು ಲಿಥಿಯಂ ಬ್ಯಾಟರಿಗಳ ಮೇಲೆ ಮುದ್ರಿಸಿರುವ ಆಂಪಿಯರ್-ಗಂಟೆಯ ಅಂಕೆ ನಿಜವಾದ ಧಾರಣೆಯಲ್ಲ, ಸೀಸದ ಬ್ಯಾಟರಿಗೆ ಹೋಲಿಸಿ ಬರೆದ ‘ಸಮಾನ’ ಅಂಕೆ. 12 ಎಂದು ಬರೆದಿರುವಲ್ಲಿ ನಿಜವಾದ ಧಾರಣೆ 4ರಷ್ಟೇ ಇರಬಹುದು. ಎಂಜಿನ್ ಚಾಲೂ ಮಾಡುವುದಕ್ಕೆ ಅದು ಸಾಕು. ನಿಂತ ಗಾಡಿಯಲ್ಲಿ ದೀಪ ಉರಿಸಿದರೆ ಬೇಗನೆ ಬರಿದಾಗುವುದು. ಎರಡನೆಯದು, ಇವುಗಳಿಗೆ 14.6 ವೋಲ್ಟಿಗಿಂತ ಹೆಚ್ಚಿನ ಒತ್ತಡ ಸಲ್ಲದು. ಹಳೆಯ ಗಾಡಿಯ ರೆಗ್ಯುಲೇಟರ್ ಕೆಟ್ಟು 15 ವೋಲ್ಟು ದಾಟಿದರೆ ಸೀಸದ ಬ್ಯಾಟರಿ ನೀರು ಕಳೆದುಕೊಂಡು ಸಹಿಸೀತು, ಲಿಥಿಯಂ ಬ್ಯಾಟರಿ ಸಹಿಸದು. ಮೂರನೆಯದು, ಅಳತೆಯ ಲೆಕ್ಕವೇ ಬೇರೆ. ವಿಶ್ರಾಂತಿಯಲ್ಲಿರುವಾಗ 12.8 ವೋಲ್ಟು ತೋರಿಸುವ ಸೀಸದ ಬ್ಯಾಟರಿ ತುಂಬಿದ ಕೊಡ; ಅಷ್ಟನ್ನೇ ತೋರಿಸುವ ಲಿಥಿಯಂ ಬ್ಯಾಟರಿ ಬಹುಮಟ್ಟಿಗೆ ಬರಿದಾದ ಕೊಡ. ಈ ಭೇದವನ್ನರಿಯದ ಮೆಕ್ಯಾನಿಕನ ಕೈಯಲ್ಲಿ ದುಬಾರಿ ವಸ್ತು ಹಾಳಾಗುವುದು ಖಂಡಿತ.

ಆದುದರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಅಂಕಣದಲ್ಲಿ ಓಡುವವರು, ಸರಿಯಾದ ಚಾರ್ಜರನ್ನು ಉಳ್ಳವರು, ಪ್ರತಿ ಓಟದ ನಡುವೆ ವೋಲ್ಟು ಅಳೆಯುವ ಶಿಸ್ತುಳ್ಳವರು ಲಿಥಿಯಂ ಬ್ಯಾಟರಿಯನ್ನು ಧಾರಾಳವಾಗಿ ಬಳಸಲಿ. ಅವರಿಗೆ ಒಂದೆರಡು ಕಿಲೋ ತೂಕದ ಉಳಿತಾಯವೂ ಗೆಲುವಿನ ಪಾಲು. ಹೊಲಕ್ಕೆ, ಶಾಲೆಗೆ, ಸಂತೆಗೆ ಗಾಡಿ ಓಡಿಸುವವರಿಗೆ ಗಾಡಿಯ ತಯಾರಕರು ಸೂಚಿಸಿದ ಅಳತೆಯ, ಮೊಹರು ಮಾಡಿದ ಸೀಸದ ಬ್ಯಾಟರಿಯೇ ತಕ್ಕುದು. ಸೆಲ್ಫ್ ಮೋಟಾರು 50 ಆಂಪಿಯರನ್ನು ಮೂರು ಸೆಕೆಂಡು ಸೆಳೆದರೂ 4 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಖರ್ಚಾಗುವುದು ಶೇಕಡ 1ರಷ್ಟು ಮಾತ್ರ. ಆರೋಗ್ಯವಾಗಿದ್ದರೆ ಅದೇ ಸಾಕು. ಸಾಲದೆ ಬಂದರೆ ದೋಷ ಅಳತೆಯದಲ್ಲ, ಆರೈಕೆಯದು.

ಆರೈಕೆ ಅಂಗಡಿಯಲ್ಲಿಯೇ ಮೊದಲಾಗಬೇಕು. ತಿಂಗಳುಗಟ್ಟಲೆ ಕಾದ ತಗಡಿನ ಮಾಡಿನ ಕೆಳಗೆ ಕುಳಿತ ಬ್ಯಾಟರಿ ಹೊಸದೆಂಬ ಹೆಸರಿನ ಹಳೆಯದು. ಕೊಳ್ಳುವವರು ತಯಾರಾದ ತಿಂಗಳನ್ನು ಕೇಳಬೇಕು. ಮೀಟರು ಹಿಡಿಸಿ ನೋಡಬೇಕು. ತುಂಬಿದ ಸೀಸದ ಬ್ಯಾಟರಿ 12.6 ವೋಲ್ಟಿಗೆ ಕಡಿಮೆ ತೋರಿಸಬಾರದು, 12.2 ಎಂದರೆ ಅದು ಅರ್ಧ ಬರಿದು. ಆಮ್ಲವನ್ನು ಅಂಗಡಿಯಲ್ಲಿಯೇ ಸುರಿಯುವ ಬಗೆಯದಾದರೆ, ಸುರಿದ ಕೂಡಲೇ ಗಾಡಿಗೆ ಕೂಡಿಸುವುದು ತಪ್ಪು. ಫಲಕಗಳು ನೆನೆಯಲು ಅರ್ಧ ಗಂಟೆಯಾದರೂ ಬಿಟ್ಟು, ಧಾರಣೆಯ ಹತ್ತನೆಯ ಒಂದು ಪಾಲಿನ ಪ್ರವಾಹದಿಂದ ನಿಧಾನವಾಗಿ ಮೊದಲ ಚಾರ್ಜು ಕೊಡಬೇಕು. ಗಿರಾಕಿಯ ಅವಸರಕ್ಕೂ ಅಂಗಡಿಯವರ ಉದಾಸೀನಕ್ಕೂ ಬಲಿಯಾಗುವುದು ಬ್ಯಾಟರಿಯ ಅರ್ಧ ಆಯುಷ್ಯ.

ಮನೆಯಲ್ಲಿ ಮಾಡಬೇಕಾದುದು ಹೆಚ್ಚೇನಲ್ಲ. ಮುಚ್ಚಳ ತೆರೆಯುವ ಬಗೆಯ ಬ್ಯಾಟರಿಗೆ ಬೇಸಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಬೇಕು. ಬಾವಿಯ ಇಲ್ಲವೆ ಕೊಳವೆಬಾವಿಯ ನೀರು ಎಂದಿಗೂ ಕೂಡದು. ನಮ್ಮ ಕರಿಕಲ್ಲಿನ ನೆಲದ ಗಡಸು ನೀರಿನಲ್ಲಿರುವ ಲವಣಗಳು ಫಲಕಗಳಿಗೆ ವಿಷ. ಆಮ್ಲವನ್ನೂ ಮೇಲೆ ಸುರಿಯಬಾರದು, ಏಕೆಂದರೆ ಆವಿಯಾಗಿ ಹೋಗುವುದು ನೀರು ಮಾತ್ರ. ತುದಿಗಳ ಮೇಲಣ ಬಿಳಿಯ ಪುಡಿಯನ್ನು ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒಣಗಿಸಿ, ವ್ಯಾಸಲೀನ್ ಸವರಬೇಕು. ತಂತಿ ಬಿಚ್ಚುವಾಗ ಋಣಧ್ರುವ ಮೊದಲು, ಕೂಡಿಸುವಾಗ ಅದೇ ಕೊನೆಗೆ. ಚಾರ್ಜು ಮಾಡುವಾಗ ಜಲಜನಕ ಹೊರಡುತ್ತದೆ. ಬೀಡಿಯ ಕಿಡಿಯೂ ಅಲ್ಲಿ ಸ್ಫೋಟಕ್ಕೆ ಸಾಕು. ತಿಂಗಳುಗಟ್ಟಲೆ ಗಾಡಿ ಓಡಿಸದಿದ್ದರೆ ತಂತಿ ಬಿಚ್ಚಿಟ್ಟು ತಿಂಗಳಿಗೊಮ್ಮೆ ಚಾರ್ಜು ಮಾಡಬೇಕು.

ಕೊನೆಯದಾಗಿ, ಸತ್ತ ಬ್ಯಾಟರಿಯ ವಿಚಾರ. ನಮ್ಮ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಗುರುತರವಾದುದು. ಹಳೆಯ ಬ್ಯಾಟರಿಯನ್ನು ಗುಜರಿಯವರಿಗೆ ಕೊಟ್ಟು ನಾಲ್ಕು ಕಾಸು ಪಡೆಯುವುದು ಸುಲಭ. ಅದನ್ನು ಬಯಲಲ್ಲಿ ಒಡೆದು ಆಮ್ಲವನ್ನು ಚರಂಡಿಗೆ ಚೆಲ್ಲಿ ಸೀಸವನ್ನು ಬೆಂಕಿಯಲ್ಲಿ ಕರಗಿಸಿದರೆ ಆ ಹೊಗೆ ಮತ್ತು ಧೂಳು ಸೇರುವುದು ಮಕ್ಕಳ ರಕ್ತಕ್ಕೆ. ಸೀಸಕ್ಕೆ ಸುರಕ್ಷಿತವೆನ್ನಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೋಕದ ಮಕ್ಕಳಲ್ಲಿ ಮೂವರಲ್ಲಿ ಒಬ್ಬರ ರಕ್ತದಲ್ಲಿ ಚಿಂತೆಗೆಡೆಗೊಡುವಷ್ಟು ಸೀಸವಿದೆಯೆಂದು ಯುನಿಸೆಫ್ 2020ರ ವರದಿಯೊಂದರಲ್ಲಿ ಎಚ್ಚರಿಸಿತು. ಬುದ್ಧಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸುವ ವಿಷ ಇದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಮರಳಿ ಪಡೆದು ಶಾಸ್ತ್ರೀಯವಾಗಿ ಮರುಬಳಕೆ ಮಾಡಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಲಿಥಿಯಂ ಬ್ಯಾಟರಿಗಳಿಗೂ ಅವು ಅನ್ವಯಿಸುತ್ತವೆ. ಹೊಸದನ್ನು ಕೊಂಡ ಅಂಗಡಿಯಲ್ಲಿಯೇ ಹಳೆಯದನ್ನು ಕೊಟ್ಟು ರಸೀದಿ ಪಡೆಯುವುದು ನಮ್ಮ ಕರ್ತವ್ಯ.

ಹೀಗಾಗಿ ಮೂರು ಸಲಹೆಗಳನ್ನು ಮುಂದಿಡುತ್ತೇವೆ. ಬ್ಯಾಟರಿ ಮಾರುವ ಪ್ರತಿಯೊಂದು ಅಂಗಡಿಯೂ ಗಿರಾಕಿಯ ಎದುರಿನಲ್ಲಿ ವೋಲ್ಟು ಅಳೆದು ರಸೀದಿಯ ಮೇಲೆ ಬರೆದುಕೊಡಲಿ. ಐ.ಟಿ.ಐ., ಪಾಲಿಟೆಕ್ನಿಕ್‌ಗಳು ಬೇಸಗೆಗೆ ಮುನ್ನ ಒಂದು ದಿನ ಊರ ಮೆಕ್ಯಾನಿಕರನ್ನು ಕರೆದು ಎರಡೂ ಬಗೆಯ ಬ್ಯಾಟರಿಗಳ ಭೇದವನ್ನು ಕೈಯಾರೆ ತೋರಿಸಲಿ. ಗಾಡಿ ತಯಾರಕರು ಹಳ್ಳಿಗರು ಕೊಳ್ಳುವ ಸಣ್ಣ ಗಾಡಿಗಳಲ್ಲಾದರೂ ಕಿಕ್ಕನ್ನು ಉಳಿಸಲಿ. ಪಂದ್ಯದ ಓಟಗಾರ ತನ್ನ ಬ್ಯಾಟರಿಯನ್ನು ಪ್ರತಿ ಓಟಕ್ಕೂ ಅಳೆದು ನೋಡುತ್ತಾನೆ. ಅವನಿಂದ ನಾವು ಕಲಿಯಬೇಕಾದುದು ಆ ಎಚ್ಚರವನ್ನು. ಅದಕ್ಕೆ ಹಣ ಬೇಕಿಲ್ಲ; ತಿಂಗಳಿಗೆ ಹತ್ತು ನಿಮಿಷ ಸಾಕು.