ಗಡಿಯ ಕಾವಲು, ಕಡಲಿನ ಮೊರೆ

ಇಟಲಿಗೆ ಸೇರಿದ್ದರೂ ಸಿಸಿಲಿಗಿಂತ ಆಫ್ರಿಕಾದ ತೀರಕ್ಕೇ ಸಮೀಪವಾಗಿರುವ ಪುಟ್ಟ ದ್ವೀಪ ಲಾಂಪೆಡೂಸಾ. ದಿವಂಗತ ಪೋಪ್ ಫ್ರಾನ್ಸಿಸರು ಜಗದ್ಗುರುಗಳಾದ ಬಳಿಕ ರೋಮಿನ ಹೊರಗೆ ಕೈಗೊಂಡ ಮೊದಲ ಯಾತ್ರೆಗೆ ಆ ದ್ವೀಪವನ್ನೇ ಆರಿಸಿಕೊಂಡರು. 2013ರ ಜುಲೈ 8ರಂದು, ಒಡೆದ ದೋಣಿಗಳ ಮರದಿಂದ ಮಾಡಿದ ಪೂಜಾಪಾತ್ರೆಯನ್ನು ಹಿಡಿದು ಅಲ್ಲಿ ಬಲಿಪೂಜೆ ಅರ್ಪಿಸಿದರು. ಮೂರು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 3ರಂದು, ಅದೇ ತೀರದ ಬಳಿ ದೋಣಿಯೊಂದು ಮುಳುಗಿ 360ಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಬಹುಪಾಲು ಎರಿಟ್ರಿಯಾದವರು.

ಆ ದುರಂತದ ನಂತರ ಇಟಲಿ ತನ್ನ ನೌಕಾಪಡೆಯನ್ನು ಕಳುಹಿಸಿ ಒಂದು ವರ್ಷದಲ್ಲಿ ಲಕ್ಷಕ್ಕೂ ಮಿಕ್ಕಿದ ಜನರನ್ನು ಕಾಪಾಡಿತು. ಭಾರವನ್ನು ಐರೋಪ್ಯ ಒಕ್ಕೂಟದ ಇತರ ದೇಶಗಳು ತಕ್ಕಷ್ಟು ಹೊರಲಿಲ್ಲವೆಂಬ ಅಸಮಾಧಾನದ ನಡುವೆ 2014ರಲ್ಲಿ ಆ ಕಾರ್ಯ ನಿಂತಿತು. ಇಟಲಿಯ ಈ ದೂರು ಸುಳ್ಳೆಂದು ನಾವು ಹೇಳಲಾರೆವು. ಗಡಿಯನ್ನು ಕಾಯುವ ಹಕ್ಕು ಪ್ರತಿಯೊಂದು ರಾಷ್ಟ್ರಕ್ಕೂ ಉಂಟು. ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2241ನೆಯ ಪರಿಚ್ಛೇದವೂ ಇದನ್ನು ಅಲ್ಲಗಳೆಯುವುದಿಲ್ಲ. ಸಂಪನ್ನ ರಾಷ್ಟ್ರಗಳು ಶಕ್ತಿ ಇದ್ದಷ್ಟು ಪರದೇಶಿಯನ್ನು ಬರಮಾಡಿಕೊಳ್ಳಬೇಕು ಎನ್ನುವ ಅದು, ಸರಕಾರವು ನಿಬಂಧನೆಗಳನ್ನು ವಿಧಿಸಬಹುದು, ಬಂದವನು ಆ ನಾಡಿನ ಪರಂಪರೆಯನ್ನು ಗೌರವಿಸಬೇಕು ಎಂದೂ ಹೇಳುತ್ತದೆ. ಆದರೆ ನಿಬಂಧನೆಗಳ ಮಾತು ಬರುವುದು ಮುಳುಗುವವನನ್ನು ದಡಕ್ಕೆ ತಂದ ಮೇಲೆ.

ನಮ್ಮನ್ನು ಹೆಚ್ಚು ಕಾಡುವ ಸಂಗತಿ ಬೇರೊಂದಿದೆ. ರಕ್ಷಣಾ ಹಡಗುಗಳಿಗೆ ಬಂದರುಗಳನ್ನು ಮುಚ್ಚಿದ ಗೃಹಮಂತ್ರಿ ಮತ್ತೆಯೊ ಸಾಲ್ವಿನಿ, 2019ರ ಮೇ ತಿಂಗಳಲ್ಲಿ ಮಿಲಾನಿನ ಚುನಾವಣಾ ಸಭೆಯಲ್ಲಿ ಜಪಸರವನ್ನು ಎತ್ತಿ ತೋರಿಸಿದರು. ವ್ಯಾಟಿಕನ್ನಿನ ರಾಜ್ಯ ಕಾರ್ಯದರ್ಶಿ ಕಾರ್ಡಿನಲ್ ಪರೋಲಿನ್ ಅದನ್ನು ಆಕ್ಷೇಪಿಸಿದ್ದು ಸರಿಯೇ. ಯೂರೋಪಿನ ಅಸ್ಮಿತೆ ಕ್ರೈಸ್ತವೆಂದು ಸಾರಿ, ಆ ಹೆಸರಿನಲ್ಲೇ ನಿರಾಶ್ರಿತನಿಗೆ ಬಾಗಿಲು ಹಾಕುವುದಾದರೆ, ಹೆರೋದನಿಗೆ ಹೆದರಿ ಈಜಿಪ್ಟಿಗೆ ಓಡಿದ ಪವಿತ್ರ ಕುಟುಂಬವನ್ನು ಇವರು ಯಾವ ಠಾಣೆಯಲ್ಲಿ ಕೂರಿಸುತ್ತಿದ್ದರೋ!

ದೂರದ ಇಟಲಿಯ ಮಾತು ನಮಗೇಕೆ ಎನ್ನುವ ವಾಚಕರೂ ಇರಬಹುದು. ಕೆನರಾದ ಕಥೋಲಿಕರಲ್ಲಿ ಬಹುಪಾಲು ಕುಟುಂಬಗಳ ಮೂಲ ಗೋವೆ. ಹಾಗೆ ಬಂದವರಿಗೆ ಕೆಳದಿಯ ನಾಯಕರ ಸೀಮೆಯಲ್ಲಿ ಉಳಲು ನೆಲ ದೊರೆಯಿತು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಅಲ್ಲಿದ್ದ ಭಾರತೀಯರಲ್ಲಿ ನಮ್ಮ ಕರಾವಳಿಯವರೂ ಇದ್ದರು. ದುಡಿಮೆ, ಉಳಿತಾಯ ಎಲ್ಲವನ್ನೂ ಬಿಟ್ಟು, ಮರುಭೂಮಿಯ ಹಾದಿಯಲ್ಲಿ ಜೋರ್ಡನ್ನಿನ ಗಡಿಗೆ ಬಂದವರು ಅನೇಕರು. ಜೋರ್ಡನ್ ಶ್ರೀಮಂತ ದೇಶವಲ್ಲ. ಆದರೂ ಅದು ಅವರನ್ನು ಒಳಬಿಟ್ಟಿತು. ಅಮ್ಮಾನಿನಿಂದ ವಿಮಾನಗಳು ಅವರನ್ನು ಮುಂಬಯಿಗೆ ಹೊತ್ತು ತಂದವು.