ಹೊಗೆ ಹೀರುವ ಯಂತ್ರದ ಖರೀದಿ: ದರಪಟ್ಟಿಯ ಕೊನೆಯ ಸಾಲು ಸಾಲದು

ಇಂದು ಸಣ್ಣ ಉದ್ಯಮಿಯ ಮನೆಯಲ್ಲೂ ಅಡುಗೆ ಒಲೆಯ ನೇರ ಮೇಲೆ ಚಿಮಣಿ ಇರುತ್ತದೆ. ಒಗ್ಗರಣೆಯ ಘಾಟು ನಡುಮನೆಗೆ ಬರಬಾರದೆಂಬ ಕಾಳಜಿ ಅದು. ಅದೇ ಉದ್ಯಮಿಯ ಫ್ಯಾಬ್ರಿಕೇಷನ್ ಷೆಡ್ಡಿನಲ್ಲಿ ಮಾತ್ರ ಬೆಸುಗೆಯ ಹೊಗೆಯನ್ನು ಹೊರಹಾಕುವ ಹೊಣೆ ಹಿಂಬದಿಯ ಗೋಡೆಯ ಎಕ್ಸಾಸ್ಟ್ ಫ್ಯಾನಿನದು. ಪೀಣ್ಯವಿರಲಿ, ಬೆಳಗಾವಿಯ ಉದ್ಯಮಬಾಗವಿರಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಿರಲಿ, ಈ ದೃಶ್ಯ ಅಪರೂಪವಲ್ಲ. ಫ್ಯಾನನ್ನು ತಲುಪುವ ಮೊದಲೇ ಹೊಗೆಯು ವೆಲ್ಡರನ ಮುಖಗವಚದ ಕೆಳಗಿನಿಂದ ಮೇಲೇರಿ ಮೂಗು ಸೇರಿರುತ್ತದೆ. ಫ್ಯಾನ್ ಹೊರಹಾಕುವುದು ಅವನು ಉಸಿರಾಡಿ ಉಳಿದದ್ದನ್ನು.

ಈ ಹೊಗೆ ಎಂಥದೆಂಬುದರ ಬಗ್ಗೆ ಈಗ ಸಂದೇಹಕ್ಕೆ ಎಡೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ಬೆಸುಗೆಯ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೆಯ ವರ್ಗಕ್ಕೆ ಸೇರಿಸಿತು. ಅದುವರೆಗೆ ಅದು ‘ಸಾಧ್ಯತೆಯುಳ್ಳ’ ವಸ್ತುಗಳ ಪಟ್ಟಿಯಲ್ಲಿತ್ತು. ಬ್ರಿಟನ್ನಿನ ಕಾರ್ಯಸ್ಥಳ ಸುರಕ್ಷತಾ ಇಲಾಖೆಯು 2019ರಲ್ಲಿ ಸಾಧಾರಣ ಉಕ್ಕಿನ ಬೆಸುಗೆಗೂ ಸಾಮಾನ್ಯ ಗಾಳಿ ಸಂಚಾರ ಸಾಲದೆಂದು ಸ್ಪಷ್ಟಪಡಿಸಿತು. ಸ್ಟೇನ್‌ಲೆಸ್ ಉಕ್ಕಿನ ಹೊಗೆಯಲ್ಲಿ ಷಡ್ವೇಲೆನ್ಸಿಯ ಕ್ರೋಮಿಯಂ ಮತ್ತು ನಿಕಲ್, ಸಾಧಾರಣ ಉಕ್ಕಿನದರಲ್ಲಿ ಮ್ಯಾಂಗನೀಸ್ ಇರುತ್ತವೆ. ಗ್ಯಾಲ್ವನೈಸ್ ಮಾಡಿದ ತಗಡನ್ನು ಬೆಸೆದವನಿಗೆ ಅದೇ ಸಂಜೆ ಸತುವಿನ ಹೊಗೆಯಿಂದ ಚಳಿಜ್ವರ ಬರುವುದು ಷೆಡ್ಡಿನವರೆಲ್ಲ ಬಲ್ಲ ಸಂಗತಿ. ಅದಕ್ಕೆ ಹಾಲು, ಬೆಲ್ಲ ಕೊಡುವ ರೂಢಿ ಹಲವೆಡೆ ಇದೆ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಹಾಲು ಇಳಿಯುವುದು ಹೊಟ್ಟೆಗೆ, ಹೊಗೆ ಇಳಿಯುವುದು ಶ್ವಾಸಕೋಶಕ್ಕೆ.

ಕಾನೂನು ಈ ವಿಷಯದಲ್ಲಿ ಹೊಸದೇನನ್ನೂ ಹೇಳಬೇಕಾಗಿರಲಿಲ್ಲ. ಹೊಗೆ ಹುಟ್ಟುವ ಸ್ಥಳಕ್ಕೆ ಸಾಧ್ಯವಾದಷ್ಟು ಸಮೀಪದಲ್ಲಿ ಹೀರುವ ಸಾಧನವಿರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 14ನೆಯ ಪ್ರಕರಣವೇ ವಿಧಿಸಿತ್ತು. ಅದರ ಎರಡನೆಯ ಅನುಸೂಚಿಯು ಬೆಸುಗೆಯ ಹೊಗೆಗೆ 8 ಗಂಟೆಗಳ ಸರಾಸರಿಯಲ್ಲಿ ಘನ ಮೀಟರಿಗೆ 5 ಮಿಲಿಗ್ರಾಂ ಮಿತಿಯನ್ನು ನಿಗದಿಪಡಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿ ಸಂಹಿತೆಯು ಆ ಕಾಯಿದೆಯ ಸ್ಥಾನವನ್ನು ಪಡೆದಿದೆ. ವಿದ್ಯುತ್ ಬಳಸುವ ಘಟಕವು ‘ಕಾರ್ಖಾನೆ’ ಎನಿಸಿಕೊಳ್ಳಲು ಹಿಂದೆ 10 ಕೆಲಸಗಾರರು ಸಾಕಿತ್ತು. ಈಗ 20 ಬೇಕು. ಇದನ್ನೇ ವಿನಾಯಿತಿಯೆಂದು ಭಾವಿಸಿ ನೆಮ್ಮದಿಯಾಗಿರುವವರಿದ್ದಾರೆ. ಆದರೆ 10 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಸಂಹಿತೆಯ ವ್ಯಾಪ್ತಿಯೊಳಗೇ ಇವೆ.

ಇನ್ನು ಆಯ್ಕೆಯ ವಿಚಾರ. ಹೀರುವ ಯಂತ್ರವನ್ನು ಕೊಳ್ಳುವಾಗ ಬಹುತೇಕರು ಮೊದಲು ಕೇಳುವುದು ಮೋಟಾರು ಎಷ್ಟು ಎಚ್.ಪಿ. ಎಂದು. ಕೇಳಬೇಕಾದುದು ಹುಡ್ಡಿನ ಬಾಯಿಂದ ಆರ್ಕ್‌ಗೆ ಎಷ್ಟು ದೂರವೆಂದು. ಹೊಗೆಯನ್ನು ಸೆಳೆದುಕೊಳ್ಳಲು ಆರ್ಕ್‌ನ ಬಳಿ ಗಾಳಿಯ ವೇಗ ಸೆಕೆಂಡಿಗೆ ಅರ್ಧ ಮೀಟರಿನಿಂದ ಒಂದು ಮೀಟರ್ ಬೇಕು. ಸುಮಾರು 30 ಸೆಂ.ಮೀ. ವ್ಯಾಸದ ಹುಡ್ಡನ್ನು 25 ಸೆಂ.ಮೀ. ದೂರದಲ್ಲಿಟ್ಟರೆ ಅರ್ಧ ಮೀಟರ್ ವೇಗಕ್ಕೆ ಗಂಟೆಗೆ ಸುಮಾರು 1,250 ಘನ ಮೀಟರ್ ಗಾಳಿ ಸಾಕು. ಅದೇ ಹುಡ್ಡನ್ನು 50 ಸೆಂ.ಮೀ.ಗೆ ಸರಿಸಿದರೆ ಬೇಕಾಗುವುದು 4,600 ಘನ ಮೀಟರಿಗೂ ಹೆಚ್ಚು. ಒಂದು ಗೇಣಿನ ವ್ಯತ್ಯಾಸಕ್ಕೆ ಮೂರೂವರೆ ಪಟ್ಟಿಗಿಂತ ಅಧಿಕ ಗಾಳಿ. ಅದಕ್ಕೆ ತಕ್ಕ ಮೋಟಾರು, ಅದಕ್ಕೆ ತಕ್ಕ ವಿದ್ಯುತ್ ಬಿಲ್ಲು. ಹಾಗೆಂದು ಹುಡ್ಡನ್ನು ತೀರಾ ಹತ್ತಿರಕ್ಕೆ ತಂದರೆ ಮಿಗ್ ಬೆಸುಗೆಯ ರಕ್ಷಕ ಅನಿಲವನ್ನೂ ಅದು ಎಳೆದುಕೊಂಡು ಬೆಸುಗೆಯಲ್ಲಿ ರಂಧ್ರಗಳು ಬೀಳುತ್ತವೆ.

ಆದ್ದರಿಂದ ಕೆಲಸದ ಸ್ವರೂಪವೇ ಯಂತ್ರವನ್ನು ನಿರ್ಧರಿಸಬೇಕು. ಮೇಜಿನ ಮೇಲೆ ಸಣ್ಣ ಬಿಡಿಭಾಗಗಳನ್ನು ಬೆಸೆಯುವಲ್ಲಿ ತಿರುಗಿಸಬಲ್ಲ ತೋಳಿರುವ ಚಕ್ರದ ಘಟಕ ಸಾಕು. ಗ್ರೈಂಡಿಂಗ್ ಕೂಡ ಅಲ್ಲಿಯೇ ನಡೆಯುವುದಾದರೆ ಕೆಳಮುಖವಾಗಿ ಹೀರುವ ಮೇಜು ಲೇಸು. ಟ್ರೇಲರಿನ ಚೌಕಟ್ಟು, ನೀರಿನ ಟ್ಯಾಂಕು, ಛಾವಣಿಯ ಟ್ರಸ್ಸುಗಳಂಥ ದೊಡ್ಡ ಕೆಲಸದಲ್ಲಿ ತೋಳಿನ ವ್ಯವಸ್ಥೆ ಬಹುಪಾಲು ಅಲಂಕಾರವಾಗಿಯೇ ಉಳಿಯುತ್ತದೆ. ಒಂದೊಂದು ಮೀಟರಿಗೂ ಕೆಲಸ ನಿಲ್ಲಿಸಿ ತೋಳನ್ನು ಸರಿಸುವ ವ್ಯವಧಾನ ತುಂಡು ಲೆಕ್ಕದ ಕೂಲಿಯ ವೆಲ್ಡರನಿಗೆ ಇರುವುದಿಲ್ಲ. ಅಂಥಲ್ಲಿ ಟಾರ್ಚಿಗೇ ಹೀರುವ ಕೊಳವೆ ಜೋಡಿಸಿದ ಮಿಗ್ ಗನ್ ಉತ್ತಮ, ಅದರ ತೂಕದ ಬಗ್ಗೆ ಗೊಣಗಾಟ ಬಂದರೂ ಸರಿ. ಶೋಧಿಸಿದ ಗಾಳಿಯನ್ನು ಮತ್ತೆ ಷೆಡ್ಡಿನೊಳಕ್ಕೇ ಬಿಡುವ ಘಟಕಗಳನ್ನು ಸ್ಟೇನ್‌ಲೆಸ್ ಉಕ್ಕಿನ ಕೆಲಸಕ್ಕೆ ಬಳಸಬಾರದು; ಆ ಗಾಳಿಯ ದಾರಿ ಹೊರಗೇ ಇರಬೇಕು. ಕಾರ್ಟ್ರಿಡ್ಜ್ ಫಿಲ್ಟರಿನ ಮುಂದೆ ಕಿಡಿ ತಡೆಯುವ ಸಾಧನವಿಲ್ಲದ ಯಂತ್ರವನ್ನಂತೂ ಕೊಳ್ಳಲೇಬಾರದು.

ಬೆಲೆಯ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ನಾಲ್ಕು ಬೆಸುಗೆ ಸ್ಥಾನಗಳಿಗೆ ಎರಡು ದರಪಟ್ಟಿಗಳು ಬಂದಿವೆಯೆಂದಿಟ್ಟುಕೊಳ್ಳೋಣ. ಮೊದಲನೆಯದು 4,00,000 ರೂಪಾಯಿ; 10 ಎಚ್.ಪಿ. ಮೋಟಾರು, ಅಂದರೆ 7.5 ಕಿಲೋವ್ಯಾಟ್, ದಿನವಿಡೀ ಒಂದೇ ವೇಗ. ಎರಡನೆಯದು 5,20,000 ರೂಪಾಯಿ, 7.5 ಎಚ್.ಪಿ., ವೇಗ ನಿಯಂತ್ರಕ, ಬೆಸುಗೆ ನಡೆಯದ ಸ್ಥಾನದ ಕೊಳವೆಯನ್ನು ತಾನಾಗಿ ಮುಚ್ಚುವ ಡ್ಯಾಂಪರು. ಫ್ಯಾನಿನ ವೇಗವನ್ನು ಶೇಕಡಾ 20ರಷ್ಟು ಇಳಿಸಿದರೆ ವಿದ್ಯುತ್ ಬಳಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹೀಗೆ ಎರಡನೆಯ ಯಂತ್ರದ ಸರಾಸರಿ ಬಳಕೆ 3 ಕಿಲೋವ್ಯಾಟ್ ಎಂದು ಹಿಡಿಯಬಹುದು. ವರ್ಷಕ್ಕೆ 2,400 ಗಂಟೆ, ಯೂನಿಟ್ಟಿಗೆ 8 ರೂಪಾಯಿಯಂತೆ ಮೊದಲನೆಯದಕ್ಕೆ 1,44,000 ರೂಪಾಯಿ, ಎರಡನೆಯದಕ್ಕೆ 57,600 ರೂಪಾಯಿ ವಿದ್ಯುತ್ ವೆಚ್ಚ. ಹೆಚ್ಚಿಗೆ ಕೊಟ್ಟ 1,20,000 ರೂಪಾಯಿ 17 ತಿಂಗಳೊಳಗೆ ಮರಳಿತು. ಫಿಲ್ಟರುಗಳ ಬದಲಾವಣೆಯ ಖರ್ಚು ಇದರಲ್ಲಿ ಸೇರಿಲ್ಲ. ಅಗ್ಗದ ಯಂತ್ರ ಮಾರಿ ದುಬಾರಿ ಫಿಲ್ಟರಿನಲ್ಲಿ ಲಾಭ ಮಾಡಿಕೊಳ್ಳುವ ಮಾರಾಟಗಾರರಿರುವುದರಿಂದ ಮೂರು ವರ್ಷದ ಫಿಲ್ಟರ್ ಬೆಲೆಯನ್ನು ದರಪಟ್ಟಿಯಲ್ಲಿಯೇ ಬರೆಸಿಕೊಳ್ಳಬೇಕು.

ತೆರಿಗೆಯ ಅನುಕೂಲವನ್ನು ಹಲವರು ಕೈಚೆಲ್ಲುತ್ತಾರೆ. 1962ರ ಆದಾಯ ತೆರಿಗೆ ನಿಯಮಗಳ ಅನುಬಂಧದಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ಶೇಕಡಾ 15 ಸವಕಳಿ. ವಾಯುಮಾಲಿನ್ಯ ನಿಯಂತ್ರಣ ಸಾಧನಗಳೆಂದು ಹೆಸರಿಸಿದ ಧೂಳು ಸಂಗ್ರಾಹಕ ಮತ್ತು ಫೆಲ್ಟ್ ಫಿಲ್ಟರ್ ವ್ಯವಸ್ಥೆಗಳಿಗೆ ಶೇಕಡಾ 40. ಮೇಲಿನ 5,20,000 ರೂಪಾಯಿಯ ಯಂತ್ರಕ್ಕೆ ಮೊದಲ ವರ್ಷ 78,000 ಎಲ್ಲಿ, 2,08,000 ಎಲ್ಲಿ! ಆದರೆ ಬಿಲ್ಲಿನಲ್ಲಿ ‘ಬ್ಲೋವರ್ ಒಂದು’ ಎಂದಷ್ಟೇ ಇದ್ದರೆ ಹೆಚ್ಚಿನ ದರವನ್ನು ಸಮರ್ಥಿಸುವುದು ಕಷ್ಟ. ಫಿಲ್ಟರ್ ಸಹಿತವಾದ ಸಂಗ್ರಾಹಕ ವ್ಯವಸ್ಥೆಯೆಂಬ ಪೂರ್ಣ ವಿವರಣೆ ಬೇಕು. 2025ರ ಹೊಸ ಆದಾಯ ತೆರಿಗೆ ಕಾಯಿದೆಯು 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಬಂದಿರುವುದರಿಂದ, ಖರೀದಿಯ ವರ್ಷಕ್ಕೆ ಯಾವ ನಿಯಮಗಳೆಂಬುದನ್ನು ಮೊದಲು ನೋಡಿಕೊಳ್ಳಬೇಕು. ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಸವಕಳಿಯ ಪ್ರತ್ಯೇಕ ಕಡಿತ ದೊರೆಯದು. ಜಿ.ಎಸ್.ಟಿ.ಯ ಹೂಡುವಳಿ ತೆರಿಗೆ ಜಮೆಯನ್ನು ಪಡೆದವರು ಆ ಮೊತ್ತದ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ. ಕಾಂಪೊಸಿಷನ್ ಯೋಜನೆಯವರಿಗೆ ಆ ಜಮೆಯೇ ಇಲ್ಲ.

ಆದೇಶಪತ್ರದಲ್ಲಿ ಒಂದು ಷರತ್ತು ಇರಲೇಬೇಕು. ಎಲ್ಲ ಹುಡ್ಡುಗಳೂ ತೆರೆದಿರುವಾಗ ಪ್ರತಿಯೊಂದರ ಬಳಿಯೂ ಗಾಳಿಯ ವೇಗವನ್ನು ಅಳೆದು ತೋರಿಸುವವರೆಗೆ ಬೆಲೆಯ ಹತ್ತನೆಯ ಒಂದು ಭಾಗವನ್ನು ತಡೆಹಿಡಿಯತಕ್ಕದ್ದು. ಅಳೆಯುವ ಉಪಕರಣ ಕೈಗೆ ಸಿಗದಿದ್ದರೆ ದೇವರ ಮುಂದಿನ ಊದುಬತ್ತಿಯೊಂದನ್ನು ಆರ್ಕ್ ಇರುವ ಜಾಗದಲ್ಲಿ ಹಿಡಿದರೂ ಹೊಗೆ ಯಾವ ಕಡೆ ತಿರುಗುತ್ತದೆಂಬುದು ತಿಳಿಯುತ್ತದೆ. ಹಣ ಕೊಡುವ ಮೊದಲು ಮಾದರಿ ಯಂತ್ರವೊಂದನ್ನು ತರಿಸಿ ಷೆಡ್ಡಿನ ಹಿರಿಯ ವೆಲ್ಡರನಿಗೆ ಒಂದು ಪೂರ್ತಿ ಪಾಳಿ ಬಳಸಲು ಕೊಡುವುದು ಒಳಿತು. ಊಟದ ಬಿಡುವಿನ ನಂತರ ಅವನು ತೋಳನ್ನು ಪಕ್ಕಕ್ಕೆ ತಳ್ಳಿ ಕೆಲಸಕ್ಕೆ ಕುಳಿತರೆ, ಆ ಮಾದರಿಯನ್ನು ಹಿಂದಕ್ಕೆ ಕಳುಹಿಸಿ ಮುಂದಿನದನ್ನು ತರಿಸಬೇಕು.